ತಾತನ ಪಿಕಪ್ಪಿನ ನೆಗ್ಗು

ಸೈಕಲ್ಲಿನ ಹ್ಯಾಂಡಲ್ ತಗುಲಿದ್ದು ಮೆತ್ತಗೆ. ಆದರೂ ತಾತನ ಪಿಕಪ್ಪಿನ ಹಿಂದಿನ ಮಡ್‌ಗಾರ್ಡಿನಿಂದ ಬಿಸ್ಕೆಟ್ಟಿನಷ್ಟು ದೊಡ್ಡ ಚೂರು ಕಳಚಿ ನೆಲಕ್ಕೆ ಬಿತ್ತು.

ಡೆಲ್ಫಿನಾ ಎತ್ತಿಕೊಂಡಳು. ಒಂದು ಕಡೆ ನೀಲಿ ಬಣ್ಣ, ಇನ್ನೊಂದು ಕಡೆ ಗುಲಾಬಿ. ಕಬ್ಬಿಣ ಗುಲಾಬಿ ಬಣ್ಣದಲ್ಲಿ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಭಾನುವಾರ ಸಂಜೆ ಎಸ್ಪಾನ್ಯೋಲಾ ಊರಿನ ಹಳೇ ಗಾಡಿಗಳೆಲ್ಲ ಮಿರಮಿರ ಮಿಂಚುತ್ತ ದೊಡ್ಡ ರಸ್ತೆಯಲ್ಲಿ ನಡೆದಷ್ಟೇ ನಿಧಾನವಾಗಿ ಸಾಗುತ್ತವೆ. 1953ರ ಈ ಪಿಕಪ್ಪಿನಲ್ಲಿ ಕಿಟಕಿ ಪಕ್ಕದ ಸೀಟು ಡೆಲ್ಫಿನಾಳದು. ಆದರೆ ಅಮ್ಮ ಲೊರೆಟಾ ಒಂದು ರೂಲ್ ಮಾಡಿದ್ದಳು: ಗಾಡಿಗೆ ಪೆಟ್ಟು ಮಾಡಿದವರು ಭಾನುವಾರ ಮನೆಯಲ್ಲೇ ಇರಬೇಕು.

ಹಿಂದೆ ಕೆಮ್ಮಿದ ಸದ್ದು. ತಾತ ಎಲಿಸಿಯೊ.

"ಸೈಕಲ್ಲಾ?"

"ಹೂಂ ತಾತ. ಆದ್ರೆ ನೋಡಿ, ಒಳಗೆ ನೆಗ್ಗು ಮುಚ್ಚೋ ಪುಟ್ಟಿ! ನನ್ನ ಗಾಡೀಲಿ ಒಂದು ಚಮಚ ಪುಟ್ಟಿನೂ ಇಲ್ಲ ಅಂತ ಎಲ್ರಿಗೂ ಹೇಳ್ತೀರಲ್ಲ?"

"ಹೇಳ್ತೀನಿ."

"ಮತ್ತೆ ಇದು?"

"ಇದು ಚಮಚ ಅಲ್ಲ. ಅರ್ಧ ಬಕೆಟ್."

"ನಿಮಗೆ ಗೊತ್ತಿತ್ತಾ?"

"ಪ್ರತಿ ಶನಿವಾರ ಇದನ್ನ ಒರೆಸೋದು ಯಾರು?"

"ನೀವೇ."

"ಹೂಂ," ಎಂದರು ತಾತ.

ಉಳಿ ತಂದು ಪುಟ್ಟಿಯನ್ನೆಲ್ಲ ಕೆತ್ತಿ ತೆಗೆದರು. ಕೆಳಗೆ ಉದ್ದನೆಯ ನೆಗ್ಗು. ಕಂಬವೊಂದು ಒತ್ತಿ ನಿಂತಿತ್ತೇನೋ ಎಂಬಂತಿತ್ತು.

ತಾತ ಕಬ್ಬಿಣದ ಗಟ್ಟಿಯೊಂದನ್ನು ಮಡ್‌ಗಾರ್ಡಿನ ಒಳಗಿನಿಂದ ಒತ್ತಿ ಹಿಡಿದು, ಸುತ್ತಿಗೆಯನ್ನು ಅವಳಿಗೆ ಕೊಟ್ಟರು. "ಅಂಚಿಂದ ಶುರು ಮಾಡು. ಮೆತ್ತಗೆ."

"ಜೋರಾಗಿ ಹೊಡೆದ್ರೆ?"

"ತಗಡು ಹಿಗ್ಗುತ್ತೆ. ಆಮೇಲೆ ಜೀವನಪೂರ್ತಿ ಡಬ್ಬದ ಥರ ಟೊಂಯ್ ಟೊಂಯ್ ಅನ್ನುತ್ತೆ."

ಡೆಲ್ಫಿನಾ ಹೊಡೆದಳು. ಕಣ್ಣು ಮುಚ್ಚಿ ಅಂಗೈಯಿಂದ ಸವರಿ, ಉಬ್ಬಿದ್ದಲ್ಲಿ ಮತ್ತೆ ಹೊಡೆದಳು.

"ಬೀನ್ಸ್ ಆರಿಹೋಗ್ತಿದೆ, ಬರ್ತೀರೋ ಇಲ್ವೋ?" ಎನ್ನುತ್ತ ಅಮ್ಮ ಬಂದಳು. ನೆಲದ ಮೇಲಿನ ಗುಲಾಬಿ ರಾಶಿ ನೋಡಿ ನಿಂತುಬಿಟ್ಟಳು. "ಅಪ್ಪಾ... ಅದು..."

"ಸೈಕಲ್ ತಗುಲ್ತು," ಎಂದರು ತಾತ, ತಲೆ ಎತ್ತದೆ.

ಅಮ್ಮ ಗೇಟಿನ ಕಡೆ ನೋಡಿದಳು. ಡೆಲ್ಫಿನಾಳೂ ನೋಡಿದಳು. ಗೇಟಿನ ಒಂದು ಕಂಬ ಮೊದಲಿನಿಂದಲೂ ವಾಲಿಕೊಂಡೇ ಇದೆ. ದಿನಾ ಅದಕ್ಕೇ ಸೈಕಲ್ ಒರಗಿಸುತ್ತಿದ್ದರೂ, ಮಡ್‌ಗಾರ್ಡಿನ ಎತ್ತರಕ್ಕೆ ಸರಿಯಾಗಿ ಅದರ ಮೇಲಿದ್ದ ನೀಲಿ ಗೀರನ್ನು ಅವಳು ಗಮನಿಸಿರಲಿಲ್ಲ.

"ಸೈಕಲ್ಲಿಗೆ ಇಷ್ಟು ದೊಡ್ಡ ನೆಗ್ಗಾ?" ಅಮ್ಮನ ದನಿ ಸಣ್ಣಗಿತ್ತು.

ಡೆಲ್ಫಿನಾ ಗೀರಿನಿಂದ ಕಣ್ಣು ತೆಗೆದು ಅಮ್ಮನನ್ನು ನೋಡಿದಳು. ಆಮೇಲೆ, "ತುಂಬಾ ಸ್ಪೀಡಲ್ಲಿದ್ದೆ ಅಮ್ಮ," ಎಂದಳು.

ತಾತನಿಗೆ ಮತ್ತೆ ಕೆಮ್ಮು ಬಂತು.

ಅಮ್ಮ ಅಂಗಿಯ ತೋಳು ಮಡಚಿ ಪಕ್ಕದಲ್ಲಿ ಕೂತಳು. ತಾತನ ಕೈಯಿಂದ ಕಬ್ಬಿಣದ ಗಟ್ಟಿ ತೆಗೆದುಕೊಂಡು ತಾನೇ ಒಳಗಿನಿಂದ ಒತ್ತಿ ಹಿಡಿದಳು.

"ಭಾನುವಾರ ಕಿಟಕಿ ಪಕ್ಕ ನೀನೇ ಕೂತ್ಕೋ," ಎಂದಳು. "ಮನೇಲಿ ನಾನಿರ್ತೀನಿ."

ಡೆಲ್ಫಿನಾ ಸುತ್ತಿಗೆ ಎತ್ತಿ, ಅಂಚಿನಿಂದ ಶುರು ಮಾಡಿದಳು. ಮೆತ್ತಗೆ.