ಮಷೀನಿಗೆ ಬಾರದ ಕೊನೆಯ ಚೆಂಡು

ಮೊದಲ ಭೇಟಿಯಲ್ಲೇ ಅವಳು ಅವನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ದಪ್ಪ ಬುಗುಟು ಎಬ್ಬಿಸಿದಳು.

ಸುಮ್ಮನೆ ಎದ್ದ ಬುಗುಟಲ್ಲ ಅದು. ಕೃಪಾಳ ಸರ್ವ್‌ನಿಂದ ಹೊರಟ ಟೆನಿಸ್ ಚೆಂಡು ಅವನ ಹುಬ್ಬಿಗೆ ಬಡಿದ ಸದ್ದಿಗೆ ಚಾರ್ಮಿನಾರಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಉಪ್ಪಲ್ ಬಿಟ್ಟ ಮೆಟ್ರೊ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಸುಳ್ಳು ಅನ್ನಿಸಿದರೆ ಪಾರಿವಾಳಗಳನ್ನೇ ಕೇಳಿಕೊಳ್ಳಿ.

"ಕಣ್ಣು ಕಾಣ್ಸೂದಿಲ್ಲೇನು? ನಾ ಸರ್ವ್ ಮಾಡಾಕತ್ತೀನಿ, ನೀ ಅಡ್ಡ ಬಂದು ಕುಂತೀದಿ."

"ಅಡ್ಡ ಅಲ್ಲರಿ ಮೇಡಂ," ಹಣೆ ಒತ್ತಿಕೊಂಡೇ ಅವನು ಎದ್ದು ನಿಂತ. "ನಾ ಬಾಜೂ ಕೋರ್ಟಿನಾಗ ಸುಣ್ಣದ ಗೆರಿ ಹಾಕಾಕತ್ತಿದ್ದೆ. ನಿಮ್ಮ ಸರ್ವೇ ಅಲ್ಲಿತನಕ ಬಂತು."

ಕೃಪಾಳ ಕಿವಿ ಕೆಂಪಾಯಿತು. ಅವಳ ಸರ್ವ್ ಬಗ್ಗೆ ಆ ಕಾಲೊನಿಯಲ್ಲಿ ಯಾರೂ ಹಾಗೆ ಮಾತಾಡಿರಲಿಲ್ಲ.

"ಯಾರು ನೀನು?"

"ಹೊಸ ಮಾರ್ಕರ್ ರಿ. ಮಹೇಶಕುಮಾರ. ರಾಯಚೂರು ಕಡಿಯವ."

ಮಾರ್ಕರ್ ಅಂದರೆ ಕ್ಲಬ್ಬಿನಿಂದ ಸಂಬಳ ತೆಗೆದುಕೊಂಡು ಸದಸ್ಯರ ಜೊತೆ ಟೆನಿಸ್ ಆಡುವವನು. ಆ ಕ್ಲಬ್ ಇದ್ದದ್ದು ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ಕಾಲೊನಿಯಲ್ಲಿ. ಅದರ ಸೆಕ್ರೆಟರಿ ಕೃಪಾಳ ಅಪ್ಪ, ಕಲಬುರಗಿಯ ಶಿವಶರಣಪ್ಪ. ಅವರು ಒಮ್ಮೆ ಕೆಮ್ಮಿದರೆ ಕಾಲೊನಿಯ ಬೀದಿದೀಪಗಳು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದವು. ಇನ್ನು ಮಗಳ ಬಗ್ಗೆ ಏನು ಹೇಳುವುದು? ಹೆಸರಿಗೆ ಕೃಪಾ, ಅಷ್ಟೇ.

ಅಂಥವಳು ಸೋತಳು. ಆಟದಲ್ಲಲ್ಲ, ಮನಸ್ಸಿನಲ್ಲಿ.

ಆಟದಲ್ಲಂತೂ ಎರಡು ವರ್ಷ ಅವಳದೇ ಗೆಲುವು. ದಿನಾ ಸಂಜೆ ಐದಕ್ಕೆ ಅವರಿಬ್ಬರ ಆಟ. ಒಂದು ದಿನ ಆರು-ಎರಡು, ಮರುದಿನ ಆರು-ಮೂರು, ಯಾವಾಗಲೂ ಕೃಪಾಳದೇ ಆರು. ಶೂ ಲೇಸ್ ಕಟ್ಟುವ ಮೊದಲು ಅವಳ ಕಣ್ಣು ಅವನು ಬಂದಿದ್ದಾನೋ ಇಲ್ಲವೋ ಎಂದು ಹುಡುಕುತ್ತಿತ್ತು. ಅವನು ಹೊಸ ಚೆಂಡುಗಳನ್ನು ಬೇರೆ ಸದಸ್ಯರಿಗೆ ಕೊಡದೆ ಕಿಸೆಯಲ್ಲಿ ಅವಳಿಗಾಗಿ ಉಳಿಸುತ್ತಿದ್ದ. ಮನಸ್ಸಿನಲ್ಲಿದ್ದದ್ದರ ಬಗ್ಗೆ ಮಾತ್ರ ಇಬ್ಬರೂ ಒಂದು ಮಾತೂ ಆಡಿರಲಿಲ್ಲ...

ಅವಳು ಗೆದ್ದ ಮೇಲೆ, ಲೆಕ್ಕಕ್ಕಿಲ್ಲದ ಒಂದು ಚೆಂಡು ಹಿಡಿದು ಅವನು ಪ್ರತಿದಿನ ಒಂದೇ ಮಾತು ಹೇಳುತ್ತಿದ್ದ.

"ಕೊನೀ ಚೆಂಡ್ರಿ, ಮೇಡಂ."

ಆ ಒಂದು ಚೆಂಡು ಅವನ ಬ್ಯಾಕ್‌ಹ್ಯಾಂಡಿನಿಂದ ಹೊರಟು, ಬದಿಯ ಗೆರೆಗೆ ಅಂಟಿಕೊಂಡಂತೆ ಬಿದ್ದು, ಮೇಲೆ ಪುಟಿಯದೆ ಹಾವಿನಂತೆ ಸರಿದು ಹೋಗುತ್ತಿತ್ತು. ಎರಡು ವರ್ಷದಲ್ಲಿ ಒಮ್ಮೆಯೂ ಅವಳ ರಾಕೆಟ್ ಅದನ್ನು ಮುಟ್ಟಿರಲಿಲ್ಲ.

"ತುಕ್ಕಾ," ಎಂದು ಅವಳು ನಗುತ್ತಿದ್ದಳು. ಅದೃಷ್ಟದಿಂದ ಕೂಡಿ ಬಂದ ಹೊಡೆತಕ್ಕೆ ಹೈದರಾಬಾದಿನಲ್ಲಿ ಹಾಗನ್ನುತ್ತಾರೆ.

"ಹೌದ್ರಿ, ತುಕ್ಕಾ," ಎಂದು ಅವನೂ ನಗುತ್ತಿದ್ದ.

ಮೂರನೆಯ ವರ್ಷ ಕೃಪಾ ರಾಜ್ಯಮಟ್ಟದ ಪಂದ್ಯಕ್ಕೆ ಹೆಸರು ಕೊಟ್ಟಳು. ಎದುರಾಳಿ ಹಲ್ಲಿಗೆ ತಂತಿ ಹಾಕಿಸಿಕೊಂಡ ಹದಿನಾಲ್ಕರ ಶಾಲಾ ಹುಡುಗಿ. ಅವಳನ್ನು ನೋಡಿ ಕೃಪಾಳಿಗೆ ಅಯ್ಯೋ ಪಾಪ ಅನ್ನಿಸಿತು. ಆ ಪಾಪ ಮೂವತ್ತೆಂಟು ನಿಮಿಷ ಉಳಿಯಿತು.

ಆರು-ಸೊನ್ನೆ. ಆರು-ಸೊನ್ನೆ.

ಕೃಪಾಳಿಗೆ ಸರಿಯಾಗಿ ಬೆವರು ಮೂಡುವ ಮೊದಲೇ ಪಂದ್ಯ ಮುಗಿದಿತ್ತು. ಕೈ ಕುಲುಕಲು ಬಂದ ಹುಡುಗಿ ತೆಲುಗಿನಲ್ಲಿ ಬಹಳ ಮರ್ಯಾದೆಯಿಂದಲೇ ಕೇಳಿದಳು: ಅಕ್ಕಾ, ನಿಮ್ಮ ಕ್ಲಬ್ಬಿನಲ್ಲಿ ಮಾರ್ಕರ್ ನಿಮ್ಮನ್ನು ಗೆಲ್ಲಿಸುತ್ತಾನಾ? ನಮ್ಮ ಕ್ಲಬ್ಬಿನಲ್ಲೂ ಆಂಟಿಗಳನ್ನು ಹಾಗೇ ಗೆಲ್ಲಿಸುತ್ತಾರೆ.

ಇಪ್ಪತ್ಮೂರರ ಕೃಪಾ ಅಂದು ಮೊದಲ ಬಾರಿ ಆಂಟಿಯಾದಳು.

ನೇರ ಕ್ಲಬ್ಬಿಗೆ ಬಂದಳು. ಮಹೇಶ ನೆಟ್ ಬಿಗಿಯುತ್ತಿದ್ದ.

"ನೀ ಬೇಕಂತ ಸೋಲ್ತಿದ್ದೇನು?"

ಅವನ ಕೈ ನಿಂತಿತು.

"ಕೇಳಿದೆ ನಾ."

"ಹೌದ್ರಿ."

"ಎರಡು ವರ್ಷ?"

"ಮೆಂಬರ್ ಮುಂದ ಮಾರ್ಕರ್ ಗೆಲ್ಲಬಾರದ್ರಿ. ನಾ ಸೇರಿದ ದಿನ ನಿಮ್ಮ ಅಪ್ಪಾಜಿ ಹೇಳಿದ ಮೊದಲನೇ ಮಾತ ಅದು. ಎಲ್ಲಾ ಕ್ಲಬ್‌ನ್ಯಾಗೂ ಹಂಗ ಐತಿ."

"ಅಪ್ಪಾಜಿ ಹೇಳಿದ್ರು. ನಿನ್ನ ಬಾಯಿಗೇನಾಗಿತ್ತು?"

ಅವನು ನೆಟ್‌ನ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ. 'ಏನಾದರೂ ಹೇಳು... ಒಂದು ಸುಳ್ಳಾದರೂ ಹೇಳು,' ಎಂದು ಅವಳ ಮನಸ್ಸು ಬೇಡಿತು.

"ನಾ ಗೆದ್ದು ಕುಣಿದಾಗೆಲ್ಲ ನೀ ಒಳಗೊಳಗ ನಗ್ತಿದ್ದಿ, ಹೌದಿಲ್ಲೋ?"

"ಇಲ್ರಿ ಮೇಡಂ..."

"ಸಂಬಳ ತಗೊಂಡು ಸೋಲೋ ಗಂಡಸು ನೀನು. ನಿನಗಿಂತ ಚೆಂಡು ಒಗಿಯೋ ಡಬ್ಬಿ ಮೇಲು."

ಮಾತು ಬಾಯಿಂದ ಹೊರಟದ್ದೇ ತಡ, ಅವಳಿಗೆ ಅದು ರುಚಿಸಿತು. ಡಬ್ಬಿ! ಅಂಥದ್ದು ನಿಜಕ್ಕೂ ಸಿಗುತ್ತದಲ್ಲ. ಒಬ್ಬರೇ ಅಭ್ಯಾಸ ಮಾಡಲಿ ಎಂದು ಚೆಂಡು ಎಸೆಯುವ ಮಷೀನು. ಮಗಳ ಸೋಲಿನಿಂದ ಮೀಸೆ ಮುದುಡಿದ್ದ ಶಿವಶರಣಪ್ಪ ಒಂದೇ ಮಾತಿಗೆ ಒಪ್ಪಿದರು. ಮಷೀನು ಬಂದ ದಿನ ಮಾರ್ಕರ್‌ಗೆ ರಜೆ, ಕಾಯಂ ರಜೆ. ಯಾವ ಮಷೀನು ಎಂದು ಆರಿಸುವ ಕೆಲಸ ಕೃಪಾಳದು.

ಮುಂದಿನ ಶನಿವಾರ ಬೆಳಿಗ್ಗೆ ಕಾಚಿಗೂಡದ ಆಟದ ಸಾಮಾನಿನ ಅಂಗಡಿಯಿಂದ ರೋಹಿತ ಎಂಬುವನು ಮೂರು ಮಷೀನು ವ್ಯಾನಿನಲ್ಲಿ ತಂದ. ಇಳಿಸಲು ಅವನು ಕೈ ಹಾಕುತ್ತಿದ್ದಂತೆ ಕೃಪಾ ತಡೆದಳು.

"ನೀವು ಬಿಡ್ರಿ. ಅವನು ಇಳಿಸ್ತಾನ."

ಮಹೇಶ ಒಂದೊಂದಾಗಿ ಇಳಿಸಿದ. ಅವನ ಜಾಗಕ್ಕೆ ಬಂದವುಗಳನ್ನು ಅವನ ಬೆನ್ನ ಮೇಲೇ ಹೊರಿಸಿದಳು ನೋಡಿ ಆ ಪುಣ್ಯಾತ್ಮೆ. ಹೈದರಾಬಾದನ್ನು ಆಳಿದ ಯಾವ ದೊರೆಗೂ ಇಂಥ ಶಿಕ್ಷೆ ಹೊಳೆದಿರಲಿಕ್ಕಿಲ್ಲ.

ರೋಹಿತ ಬಾಯಿ ತೆರೆದು, "ಮೇಡಂ, ಇದು ನಂಬರ್ ವನ್ ಮಾಲು," ಅನ್ನುವಷ್ಟರಲ್ಲಿ ಅವಳು ಮಹೇಶನ ಕಡೆ ತಿರುಗಿದಳು.

"ನೀ ಹೇಳು. ನಿನ್ನ ಜಾಗಾದಾಗ ಯಾವುದನ್ನ ಇಡ್ಲಿ?"

ರೋಹಿತ ಪಾಪ, ಮೊಬೈಲಿನಲ್ಲಿ ಇಲ್ಲದ ಮೆಸೇಜು ಓದತೊಡಗಿದ.

ಮಹೇಶ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ನಡೆಸಿ ನೋಡಿದ. ಚೆಂಡನ್ನು ಒತ್ತಿ ಹೊರಗೆಸೆಯುವ ಎರಡು ಗಾಲಿಗಳ ರಬ್ಬರನ್ನು ಹೆಬ್ಬೆರಳಿನಿಂದ ಉಜ್ಜಿದ. ಪ್ರತಿಯೊಂದರಿಂದ ಇಪ್ಪತ್ತು ಚೆಂಡು ಬಿಟ್ಟು, ಎಲ್ಲೆಲ್ಲಿ ಬೀಳುತ್ತವೆ ಎಂದು ಗುರುತು ಹಾಕಿದ.

"ಸಣ್ಣದು ಬ್ಯಾಡ್ರಿ. ಒಂದ ಜಾಗಾಕ್ಕ ಒಗೀತೈತಿ, ನಿಮ್ಮ ಕಾಲು ಓಡೂದು ಮರೀತಾವು. ಮತ್ತ ಕರೆಂಟಿನ ವೈರ್ ಎಳೀಬೇಕು, ಎಡವಿ ಬೀಳ್ತೀರಿ."

"ಈ ದೊಡ್ಡದು?"

"ಚೆಂಡು ಭಾಳ ಚಲೋ ಒಗೀತೈತ್ರಿ. ಆದ್ರ ನಲವತ್ತು ಕಿಲೋ. ದಿನಾ ಶೆಡ್ಡಿನಿಂದ ತರಾಕ, ಒಯ್ಯಾಕ ಒಬ್ಬ ಆಳು ಬೇಕ."

"ಅಂದ್ರ ನೀ ಬೇಕು."

"ಹೌದ್ರಿ. ಇದನ್ನ ತಗೊಂಡ್ರ ನನ್ನ ನೌಕರಿ ಉಳೀತೈತಿ."

ಅವಳು ಕಾದಳು. ಈಗ ಕಾಲು ಹಿಡಿಯುತ್ತಾನೆ ಎಂದು ಕಾದಳು.

ಅವನು ಮೂರನೆಯದರ ಹಿಡಿ ಎಳೆದ. ಪ್ರಯಾಣದ ಸೂಟ್‌ಕೇಸಿನಂತೆ ಅದು ಗಾಲಿಗಳ ಮೇಲೆ ಹಗುರಾಗಿ ಉರುಳಿ ಬಂತು.

"ಇದು ತಗೋರಿ. ಹದಿನೆಂಟು ಕಿಲೋ, ಬ್ಯಾಟರಿ ಮೂರು ತಾಸು ಬರತೈತಿ. ನೂರೈವತ್ತು ಚೆಂಡು ಹಿಡಿತೈತಿ. ರಿಮೋಟ್ ಕಿಸೇದಾಗ ಇಟ್ಕೋಬಹುದು. ಎಡಕ್ಕ ಒಗೀತೈತೋ ಬಲಕ್ಕೋ ಮೊದಲ ಗೊತ್ತಾಗಂಗಿಲ್ಲ, ಓಡಬೇಕಾಗತೈತಿ. ನೀವೊಬ್ಬರ ಎಳಕೊಂಡು ಬರಬಹುದು. ಯಾರೂ ಬೇಕಾಗಂಗಿಲ್ಲ."

ಕೃಪಾ ಆ ಹಿಡಿಯನ್ನು ಅವನ ಕೈಯಿಂದ ಕಸಿದುಕೊಂಡಳು.

"ಮೂರನೇದು," ಎಂದಳು ರೋಹಿತನಿಗೆ. ಆಮೇಲೆ ಮಹೇಶನಿಗೆ, "ನಾಳಿಂದ ನೀ ಬರೂದು ಬ್ಯಾಡ. ಹೋಗೂ ಮೊದಲ ಬಿದ್ದಿರೋ ಚೆಂಡೆಲ್ಲ ಆರಿಸಿ, ಇದನ್ನ ತುಂಬಿಸಿಟ್ಟು ಹೋಗು."

ಅವಳು ಕುರ್ಚಿ ಹಾಕಿಕೊಂಡು ಕೂತು ನೋಡಿದಳು. ಅವನು ಕೋರ್ಟು ಪೂರ್ತಿ ಬಾಗಿ ಬಾಗಿ ಆರಿಸಿದ. ಮಷೀನು ತುಂಬಿಸಿದ. ಅವಳ ಮುಂದೆ ಬಂದು ನಿಂತು ರಿಮೋಟನ್ನು ಕುರ್ಚಿಯ ತೋಳಿನ ಮೇಲಿಟ್ಟ.

"ಬ್ಯಾಟರಿ ಪೂರ್ತಿ ಖಾಲಿ ಆಗಾಕ ಬಿಡಬ್ಯಾಡ್ರಿ," ಎಂದಷ್ಟೇ ಹೇಳಿ ಹೊರಟ.

ಅವತ್ತು ಅವಳು ಊಟ ಮಾಡಲಿಲ್ಲ. ಹಸಿವಿಲ್ಲ ಎಂದಳು. ಸುಳ್ಳು.

ಮೂರು ವಾರದಲ್ಲಿ ಕೃಪಾ ಎಂಬತ್ತು ಲಕ್ಷ ಚೆಂಡು ಹೊಡೆದಳು. ಸರಿ, ಹತ್ತಿಪ್ಪತ್ತು ಕಡಿಮೆ ಇದ್ದೀತು. ಮಷೀನು ಒಳ್ಳೆಯದೇ. ದಣಿಯುತ್ತಿರಲಿಲ್ಲ, ನಗುತ್ತಿರಲಿಲ್ಲ, ಅವಳನ್ನು ಗೆಲ್ಲಿಸುತ್ತಲೂ ಇರಲಿಲ್ಲ. ನೂರೈವತ್ತು ಚೆಂಡು ಮುಗಿದ ಮೇಲೆ ಒಬ್ಬಳೇ ಬಾಗಿ ಬಾಗಿ ಆರಿಸುತ್ತಿದ್ದಳು. ಮೂರನೆಯ ದಿನಕ್ಕೇ ಸೊಂಟ ಮಾತಾಡಲು ಶುರುಮಾಡಿತ್ತು. ಅವನ ಸೊಂಟ ಎರಡು ವರ್ಷ ಏನೆಂದಿತ್ತೋ...

ಒಂದು ಸಂಜೆ ಮಷೀನು ಖಾಲಿಯಾಯಿತು. ಗಾಲಿಗಳು ಸುಮ್ಮನೆ ಗರಗರ ತಿರುಗುತ್ತಿದ್ದವು. ಕೃಪಾ ಮಾತ್ರ ಮೊಣಕಾಲು ಬಗ್ಗಿಸಿ, ರಾಕೆಟ್ ಹಿಡಿದು, ನೆಟ್‌ನ ಆಚೆ ನೋಡುತ್ತಾ ನಿಂತೇ ಇದ್ದಳು.

ಯಾವುದಕ್ಕೆ ಕಾಯುತ್ತಿದ್ದೇನೆ?

ಹೊಳೆಯಿತು. ಕೊನೀ ಚೆಂಡಿಗೆ.

ಓಡಿ ಹೋಗಿ ಮಷೀನನ್ನು ಎಡಕ್ಕೆ ತಿರುಗಿಸಿದಳು. ವೇಗ ಹೆಚ್ಚಿಸಿದಳು, ಎತ್ತರ ಇಳಿಸಿದಳು, ಒಂದೇ ಚೆಂಡು ಹಾಕಿದಳು. ಅದು ಬಂದು ಪುಟಿದು ಎದೆ ಎತ್ತರಕ್ಕೆ ಎದ್ದು ನಿಂತಿತು. ಕಣ್ಣು ಮುಚ್ಚಿ ಹೊಡೆಯಬಹುದಾಗಿತ್ತು. ಹತ್ತು ಸಲ ಹಾಕಿದಳು. ಹಾವಿನಂತೆ ಸರಿಯುವ ಆ ಚೆಂಡು ಬರಲೇ ಇಲ್ಲ.

ಎರಡು ವರ್ಷ. ಕ್ಲಬ್ಬಿನ ರಜೆ ಬಿಟ್ಟರೂ ಆರು ನೂರು ಸಂಜೆ. ಆರು ನೂರು ಸಲವೂ ಗೆರೆಯ ಪಕ್ಕವೇ ಬಿದ್ದಿತ್ತು. ಆರು ನೂರು ಸಲ ತುಕ್ಕಾ ಆಗುತ್ತದೆಯೆ?

ಅವಳು ಅಲ್ಲೇ ಗೆರೆಯ ಮೇಲೆ ಕುಸಿದು ಕೂತಳು. ದಿನವಿಡೀ ಸೋತವನು ದಿನಕ್ಕೊಂದು ಚೆಂಡಿನಲ್ಲಿ ತಾನು ಯಾರೆಂದು ಹೇಳಿದ್ದ. ಅವಳೇ ನಕ್ಕಿದ್ದಳು.

ಕೋರ್ಟಿನ ಆಚೆ ಮಹೇಶನ ತಾಯಿ ಹುಸೇನಮ್ಮ ಕಸ ಗುಡಿಸುತ್ತಿದ್ದಳು. ಮಗನ ನೌಕರಿ ಹೋದರೂ ಅವಳ ಪೊರಕೆ ಉಳಿದಿತ್ತು.

"ಹುಸೇನಮ್ಮ, ಮಹೇಶ ಎಲ್ಲಿದ್ದಾನ?"

"ಯಾಕವ್ವಾ, ಡಬ್ಬೀದು ಬ್ಯಾಟರಿ ಇಳೀತೇನು?"

ಕೃಪಾ ತಲೆ ತಗ್ಗಿಸಿದಳು.

"ಮೂರು ವಾರ ನನ್ನ ಮಗ ಹೊಟ್ಟಿ ತುಂಬ ಉಂಡಿಲ್ಲ. ಹೊರಗ ಹೋಗಿ ಯಾರಿಗೂ ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ. ನಾ ಆಡೀನಿ. ದಿನಾ ಆಡ್ತೀನಿ." ಪೊರಕೆಯನ್ನು ಗೋಡೆಗೆ ಕುಟ್ಟಿ ಧೂಳು ಕೊಡವಿದಳು. "ಉಪ್ಪಲ್‌ನ್ಯಾಗ ರಾಕೆಟಿಗೆ ತಂತಿ ಹಾಕೋ ಅಂಗಡ್ಯಾಗ ಅದಾನ. ಹೋಗು. ಆದ್ರ ಚೆಂಡು ಆರಿಸು ಅಂತ ಕರ್ಯಾಕ ಹೋಗಬ್ಯಾಡ."

ಮರುದಿನ ಬೆಳಿಗ್ಗೆ ಏಳಕ್ಕೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಕೃಪಾ ಅಲ್ಲಿದ್ದಳು. ಅವಳನ್ನು ನೋಡಿದ ಮಹೇಶನ ಕೈಯಿಂದ ಕೀಲಿ ಜಾರಿತು.

"ತಂತಿ ಹರೀತೇನ್ರಿ, ಮೇಡಂ?"

"ಇಲ್ಲ. ನನ್ನ ಜೋಡಿ ಒಂದು ಸೆಟ್ ಆಡು."

"ನಾ ಈಗ ಮಾರ್ಕರ್ ಅಲ್ರಿ."

"ಅದಕ್ಕ ಬಂದೀನಿ."

ಅವನು ಬಿದ್ದ ಕೀಲಿ ಎತ್ತಿಕೊಂಡ. ಅಂಗಡಿಯ ಹಿಂದೆ ಮಣ್ಣಿನ ಸಾರ್ವಜನಿಕ ಕೋರ್ಟಿತ್ತು. ಶಟರ್ ಅರ್ಧ ಎಳೆದು ಒಂದು ರಾಕೆಟ್ ತೆಗೆದುಕೊಂಡ.

"ದಯಾ ಮಾಡಂಗಿಲ್ರಿ ನಾ," ಎಂದ.

"ಮಾಡಿದ್ರ ಮತ್ತ ಮಾತಾಡ್ಸಂಗಿಲ್ಲ."

ಆಮೇಲೆ ನಡೆದದ್ದು ಆಟವಲ್ಲ, ಕೊಲೆ. ಅವನ ಮೊದಲ ಸರ್ವ್ ಅವಳ ಕಿವಿಯ ಪಕ್ಕ ಹಾದು ಹೋದಾಗ ಅವಳ ಜಡೆ ಹತ್ತು ಸೆಕೆಂಡು ಅಡ್ಡ ನಿಂತಿತ್ತು. ಎಡಕ್ಕೆ ಓಡಿಸಿದ, ಬಲಕ್ಕೆ ಓಡಿಸಿದ, ಮುಂದೆ ಕರೆದು ತಲೆಯ ಮೇಲಿಂದ ಹೊಡೆದ. ಒಂದು-ಸೊನ್ನೆ. ಮೂರು-ಸೊನ್ನೆ. ಐದನೆಯ ಗೇಮಿನಲ್ಲಿ ಅವಳು ಮಣ್ಣಿಗೆ ಬಿದ್ದು ಮೊಣಕಾಲು ತರಚಿಕೊಂಡಳು. ಅವನು ಎಬ್ಬಿಸಲು ಬರಲಿಲ್ಲ. ಬೆನ್ನು ತಿರುಗಿಸಿ ನಿಂತು, ಅವಳು ಎದ್ದ ಸದ್ದು ಕೇಳಿದ ಮೇಲೆ ಮತ್ತೆ ಸರ್ವ್ ಮಾಡಿದ. ಅವಳು ಅಳುತ್ತಲೇ ಆಡಿದಳು. ಇಷ್ಟು ಕ್ರೂರವಾಗಿ ಅವಳನ್ನು ಯಾರೂ ಸೋಲಿಸಿರಲಿಲ್ಲ. ಇಷ್ಟು ಮರ್ಯಾದೆಯನ್ನೂ ಯಾರೂ ಕೊಟ್ಟಿರಲಿಲ್ಲ.

ಐದು-ಸೊನ್ನೆ. ಇನ್ನೊಂದೇ ಪಾಯಿಂಟ್ ಬಾಕಿ.

"ಕೊನೀ ಚೆಂಡು," ಎಂದ ಅವನು.

ಬಂತು. ಗೆರೆಗೆ ಅಂಟಿ, ಪುಟಿಯದೆ, ಹಾವಿನಂತೆ ಸರಿಯುತ್ತಾ ಬಂತು. ಮೂರು ವಾರ ಎಡಬಲ ಓಡಿದ್ದ ಕಾಲು ಈ ಸಲ ಮುಂಚೆಯೇ ಹೊರಟಿತ್ತು. ಕೃಪಾ ಬಾಗಿ ನೆಲ ಸವರುವಂತೆ ರಾಕೆಟ್ ಚಾಚಿದಳು. ತಗುಲಿತು... ಚೆಂಡು ನೆಟ್‌ನ ಮೇಲಂಚು ಸವರಿ, ಅವನನ್ನು ದಾಟಿ, ಹಿಂದಿನ ಗೆರೆಯ ಹತ್ತಿರ ಬಿತ್ತು.

ಮಹೇಶ ಬಾಗಿ ಗುರುತು ನೋಡಿದ. ಅಲ್ಲಿ ಅವನೊಬ್ಬನೇ. ಒಳಗೆ ಬಿತ್ತು ಅಂದಿದ್ದರೆ ಅಲ್ಲ ಅನ್ನುವವರು ಇಡೀ ಉಪ್ಪಲ್‌ನಲ್ಲಿ ಯಾರೂ ಇರಲಿಲ್ಲ.

"ಔಟ್," ಎಂದ.

"ಎಷ್ಟು?"

"ಎರಡು ಬೆರಳು. ಗುರುತು ಐತಿ, ಬಂದು ನೋಡು."

'ಮೇಡಂ' ಎಂಬುದು ಆ ಕೋರ್ಟಿನಲ್ಲಿ ಎಲ್ಲೋ ಬಿದ್ದುಹೋಗಿತ್ತು. ಅವಳು ನೆಟ್‌ನವರೆಗೆ ಬಂದು ನಿಂತಳು. ಆಚೆ ಹೋಗಲಿಲ್ಲ.

"ಬ್ಯಾಡ. ನೀ ಔಟ್ ಅಂದ್ರ ಔಟು."

ಅವನೂ ನೆಟ್‌ಗೆ ಬಂದ. ಇಬ್ಬರಿಗೂ ಉಸಿರು ಸಾಲುತ್ತಿರಲಿಲ್ಲ.

"ನನಗ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ನೌಕರಿ ಹೋಗ್ತಿತ್ತು. ನೌಕರಿ ಬ್ಯಾರೆ ಕಡೆ ಸಿಗತೈತಿ. ಸಂಜಿ ಐದಕ್ಕ ನೀ ಬರೂದು ಬ್ಯಾರೆ ಕಡೆ ಸಿಗತಿರಲಿಲ್ಲ. ಅಷ್ಟಕ್ಕ ಸುಳ್ಳು ಆಡಿದೆ. ಅದು ತಪ್ಪ."

"ಡಬ್ಬಿ ಅಂದಿದ್ದು ನನ್ನ ತಪ್ಪು. ನಿನ್ನ ಕೈಲೆ ಆ ಚೆಂಡು ಆರಿಸಾಕ ಹಚ್ಚಿದ್ದು..."

ಅವನು ನೆಟ್‌ನ ಮೇಲಿಂದ ಕೈ ಚಾಚಿ ಅವಳ ಕೆನ್ನೆಯ ಮಣ್ಣು ಒರೆಸಿದ.

"ಅಪ್ಪಾಜಿಗೆ ಏನಂತಿ?"

"ಆರು-ಸೊನ್ನೆ ಸೋತೆ ಅಂತೀನಿ. ಯಾರ ಕೈಯಾಗ ಅಂತ ಕೇಳ್ತಾರಲ್ಲ, ಆವಾಗ ಉಳಿದದ್ದೂ ಹೇಳ್ತೀನಿ."

"ಮಷೀನ್ ಹೆಂಗೈತಿ?"

"ಭಾಳ ಚಲೋ ಐತಿ. ನೀನ ಆರಿಸಿದ್ದಲ್ಲ."

"ನಾಳಿ ಎಳಕೊಂಡು ಬಾ. ನಿನ್ನ ಬ್ಯಾಕ್‌ಹ್ಯಾಂಡ್ ನೋಡಾಕಾಗಂಗಿಲ್ಲ."

ಅವಳು ಅಳುತ್ತಲೇ ನಕ್ಕಳು. "ಚೆಂಡು ಯಾರು ಆರಿಸೋರು?"

"ನೀನು."

"ನೂರೈವತ್ತೂ?"

"ನೂರಾ ನಲವತ್ತೊಂಬತ್ತು ಮಷೀನಿಗೆ ಹಾಕು," ಎಂದ ಮಹೇಶ. "ಕೊನೀದು ನನ್ನ ಕೈಯಾಗ ಕೊಡು."