ನೂರಾ ಐವತ್ತು ತತ್ತಿ

"ಒಂದು, ಎರಡು, ಮೂರು, ನಾಲ್ಕು... ಐದು!"

ಮೆಟ್ಟಿಲ ಕೆಳಗೆ, ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹರ್ಷದಾ ಎಣಿಸಿದಳು. ಮೇಲಿನ ಬಾಡಿಗೆ ಮನೆಯ ನೀಲಿಮಾ ಮಾವಶಿ ಎರಡೆರಡು ಮೆಟ್ಟಿಲು ಹಾರುತ್ತ ಹತ್ತುತ್ತಿದ್ದರು. ಅವರ ಚೀಲದಿಂದ ಮೊಟ್ಟೆಯ ಟ್ರೇಗಳ ಅಂಚು ಇಣುಕುತ್ತಿತ್ತು. ಅದೇ, ಬೂದು ಬಣ್ಣದ ರಟ್ಟಿನ ಟ್ರೇ. ಒಂದರಲ್ಲಿ ಮೂವತ್ತು ಮೊಟ್ಟೆ ಅಂದರೆ ಐದರಲ್ಲಿ ನೂರಾ ಐವತ್ತು!

ಅಯ್ಯಯ್ಯೋ! ಮೊಟ್ಟೆಯ ಹೆಸರೆತ್ತಿದರೇ ಮುಖ ಕಿವುಚುವವರು ಹರ್ಷದಾಳ ಅಜ್ಜಿ ಕೃಷ್ಣಾಬಾಯಿ. ಬಿಬವೇವಾಡಿಯ ಈ ಮನೆಯ ಮೇಲಿನ ಖೋಲಿಗಳನ್ನು ಬಾಡಿಗೆಗೆ ಕೊಡುವ ದಿನವೇ ಹೇಳಿದ್ದರು: "ಗ್ವಾಡಿಗೆ ಮೊಳಿ ಹೊಡೀಬಾರದು. ತತ್ತಿ-ಗಿತ್ತಿ ತರಬಾರದು. ಇವೆರಡು ನಡಸಿದ್ರ ನೀವು ನಮ್ಮ ಮಗಳಿದ್ದಂಗ."

ಮಾವಶಿ ಬೆಳಗಾವಿಯವರು. ಒಬ್ಬರೇ ಇರುತ್ತಾರೆ. ಹರ್ಷದಾಗೆ ಮೊದಲಿನಿಂದಲೂ ಅವರ ಮೇಲೆ ಅನುಮಾನ. ಇಂಥ ಸೆಖೆಯಲ್ಲಿ ಕಿಟಕಿ ಯಾಕೆ ಮುಚ್ಚುತ್ತಾರೆ? ಬಾಗಿಲ ಕೆಳಗಿನ ಸಂದಿಗೆ ಟವೆಲ್ ಯಾಕೆ ತುರುಕುತ್ತಾರೆ? ಕೇಳಿದರೆ "ಕೆಲಸ ಇರ್ತದ ಪುಟ್ಟಿ" ಅಂತ ನಗುತ್ತಾರೆ. ಎಂಥ ಕೆಲಸವೋ!

ಈಗ ಗೊತ್ತಾಯಿತು. ಆಮ್ಲೆಟ್ಟಿನ ವಾಸನೆ ಹೊರಗೆ ಬರಬಾರದಲ್ಲ!

ಕಳ್ಳಹೆಜ್ಜೆ ಇಡುತ್ತ ಮೇಲೆ ಹೋಗಿ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಒಬ್ಬ ಮುದುಕ ಖೊಕ್ ಖೊಕ್ ಕೆಮ್ಮಿದ. ಆಮೇಲೆ ಒಂದು ಪುಟ್ಟ ಮಗು ಅತ್ತಿತು. ಒಬ್ಬರೇ ಇರುವ ಮನೆಯಲ್ಲಿ ಇವರಿಬ್ಬರು ಯಾರು?

ಧಡಧಡ ಇಳಿಯುತ್ತಲೇ ಕೂಗಿದಳು. "ಅಜ್ಜೀ! ಮಾವಶಿ ನೂರಾ ಐವತ್ತು ತತ್ತಿ ತಂದಾರ! ನಾ ಕಣ್ಣಾರೆ ನೋಡೇನಿ!"

ಅಜ್ಜಿ ಮಂಚದ ಮೇಲೆ ಕೌದಿ ಹಾಸಿಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಖರೇ? ತತ್ತೀನ ನೋಡಿದಿ?"

ಅಷ್ಟು ದೊಡ್ಡ ಸುದ್ದಿ ತಂದಮೇಲೆ ಹಿಂದೆ ಸರಿಯುವುದು ಹೇಗೆ? "ಹೂಂ, ಎರಡೆರಡು ಪಾವಟಿಗಿ ಹಾರಕೋತ ಹತ್ತಿದ್ರು" ಅಂದುಬಿಟ್ಟಳು ಹರ್ಷದಾ.

ಸಂಜೆ ಮಾವಶಿ ಕೆಳಗಿಳಿದಾಗ ಅಜ್ಜಿ ಮೊಟ್ಟೆಯ ಮಾತೇ ಎತ್ತಲಿಲ್ಲ. "ಮುಂದಿನ ತಿಂಗಳು ನಮ್ಮ ಮಂದಿ ಬರೋರಿದ್ದಾರ. ಮ್ಯಾಲಿನ ಖೋಲಿ ಬೇಕಾಗ್ತಾವ. ನೀವು ಬ್ಯಾರೆ ಮನಿ ನೋಡ್ಕೋರಿ" ಅಂದರು.

ಮಾವಶಿಯ ಮುಖ ಸಣ್ಣದಾಯಿತು. "ಇಷ್ಟು ಲಗೂನ ಎಲ್ಲಿ ಸಿಗ್ತದರಿ ಕಾಕೂ? ಒಬ್ಬಾಕಿಗೆ ಅಂದ್ರ ಯಾರೂ ಮನಿ ಕೊಡಂಗಿಲ್ಲ."

ಅಜ್ಜಿ ಒಳಗೆ ನಡೆದರು. ಆ ರಾತ್ರಿ ಹರ್ಷದಾಗೆ ಊಟ ಸೇರಲಿಲ್ಲ.

ಮರುದಿನ ಶಾಲೆಯಿಂದ ಬರುತ್ತಿದ್ದಂತೆ ಮಾವಶಿ ಮೇಲಿನಿಂದ ಕರೆದರು. "ಹರ್ಷೂ, ಬಾ. ಲೋಣಾವಳಾದ ಶೇಂಗಾ ಚಿಕ್ಕಿ ಅದ."

ಲಂಚ! ಅಂದುಕೊಂಡಳು ಹರ್ಷದಾ. ಆದರೂ ಹೋದಳು.

ಒಳಗೆ ಮುದುಕನೂ ಇರಲಿಲ್ಲ, ಮಗುವೂ ಇರಲಿಲ್ಲ. ಒಂದು ಗಾದಿ ಗೋಡೆಗೆ ಒರಗಿ ನಿಂತಿತ್ತು. ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ ಚಾದರಗಳು. ಅದರ ಸರಳುಗಳಿಗೆ ದಾರದಿಂದ ಕಟ್ಟಿದ ಐದು ಟ್ರೇ. ಐದೂ ಖಾಲಿ! ಮಧ್ಯದ ಮೇಜಿನ ಮೇಲೆ ಒಂದು ಮೈಕ್.

"ಮಾವಶಿ, ಆ ಮುದುಕ ಎಲ್ಲಿ?"

"ಮುದುಕನೂ ನಾನ, ಕೂಸೂ ನಾನ!" ಮಾವಶಿ ಖೊಕ್ ಖೊಕ್ ಕೆಮ್ಮಿ ತೋರಿಸಿದರು. "ಮಕ್ಕಳ ಕತಿ ಓದಿ ರೆಕಾರ್ಡ್ ಮಾಡ್ತೀನಿ. ಬರೇ ಗ್ವಾಡಿ ಇದ್ರ ಧ್ವನಿ ಗುಂಯ್ ಅಂತದ. ಮೊಳಿ ಹೊಡಿಯೂಹಂಗಿಲ್ಲ, ಅದಕ್ಕ ಎಲ್ಲಾ ಹಿಂಗ ನಿಂದರಿಸೇನಿ. ತತ್ತಿ ಅಂಗಡ್ಯಾಂವ ಖಾಲಿ ಟ್ರೇ ಪುಕ್ಕಟೆ ಕೊಟ್ಟ. ಆದ್ರ ಅವುಗಳಿಂದ ಏನೂ ಉಪಯೋಗ ಇಲ್ಲ. ದಪ್ಪನ್ನ ಅರಿವಿ ಬೇಕು. ನಿನ್ನಿ ರೆಕಾರ್ಡ್ ಮಾಡಿದ್ದು ಕೇಳ್ತಿಯೇನು?"

ಹೆಡ್‌ಫೋನ್ ಕಿವಿಗೆ ಬಂತು. ಮುದುಕ ಕೆಮ್ಮಿದ. ಮಗು ಅತ್ತಿತು. ಅದರ ನಡುವೆ ಇನ್ನೊಂದು ಕೀರಲು ಧ್ವನಿ: "ಅಜ್ಜೀ! ಮಾವಶಿ ನೂರಾ ಐವತ್ತು ತತ್ತಿ ತಂದಾರ! ನಾ ಕಣ್ಣಾರೆ ನೋಡೇನಿ!"

ಹರ್ಷದಾಳ ಕಿವಿ ಬಿಸಿಯಾದವು. ತಲೆ ಎತ್ತಲಿಕ್ಕೆ ನಾಚಿಕೆಯಾಯಿತು. ಮಾವಶಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬೈಯಲಿಲ್ಲ. ಚಿಕ್ಕಿಯ ಡಬ್ಬಿ ಬಿಚ್ಚಿ ಮುಂದಿಟ್ಟು, "ಕಾಕೂ ನನ್ನ ಒಂದು ಮಾತು ಕೇಳಬೇಕಿತ್ತು" ಎಂದಷ್ಟೇ ಅಂದರು.

ಹರ್ಷದಾ ಚಿಕ್ಕಿ ಮುಟ್ಟಲಿಲ್ಲ. ನೇರ ಕೆಳಗೆ ಓಡಿದಳು.

"ಅಜ್ಜಿ, ನಾ ತತ್ತಿ ನೋಡೇ ಇಲ್ಲ. ಟ್ರೇ ಅಷ್ಟ ನೋಡಿದ್ದೆ. ಎಲ್ಲಾ ಖಾಲಿ ಅವ..." ಮುಂದಿನದೆಲ್ಲ ಅಳುವಿನಲ್ಲಿ ಬಂತು. ಮೈಕ್, ಮುದುಕ, ಗಾದಿ, ಎಲ್ಲ ಕಲಸಿಕೊಂಡು ಬಂತು.

ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಕೈ ನಿಂತಿತು. "ಎರಡೆರಡು ಪಾವಟಿಗಿ ಹಾರತಿದ್ರು ಅಂತ ನೀನ ಹೇಳಿದ್ದಿ. ಅಷ್ಟು ತತ್ತಿ ಹಿಡಕೊಂಡು ಯಾರರೆ ಹಾರತಾರೇನ? ನನಗರೆ ತಿಳೀಬೇಕಿತ್ತು" ಎಂದು ಗೊಣಗಿದರು. ಮೊಣಕಾಲು ಹಿಡಿದುಕೊಂಡು ಎದ್ದರು. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ತಮ್ಮ ಕೌದಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. "ನಡಿ."

ಮೇಲೆ ಹೋದವರೇ ಮೊದಲು ನೋಡಿದ್ದು ಗೋಡೆಯನ್ನು. ಎಲ್ಲೂ ಒಂದು ಮೊಳೆ ಇರಲಿಲ್ಲ.

"ಆ ಟ್ರೇ ತಿರುಗಿ ಕೊಟ್ಟುಬಿಡ್ರಿ. ಇದನ್ನ ಹಾಕ್ರಿ, ಭಾಳ ದಪ್ಪ ಅದ." ಅಜ್ಜಿ ಕೌದಿಯನ್ನು ತಾವೇ ಸ್ಟ್ಯಾಂಡಿಗೆ ಹೊದಿಸಿದರು. ಬಾಗಿಲವರೆಗೂ ಹೋಗಿ, ತಿರುಗಿ ನೋಡದೆ ಅಂದರು: "ಮತ್ತ... ಬರೋರಿದ್ದ ಮಂದಿ ಬರಂಗಿಲ್ಲಂತ."

ಮಾವಶಿ ನಕ್ಕರು. ಕಣ್ಣು ಮಾತ್ರ ತುಂಬಿದ್ದವು.

ಒಂದು ವಾರದ ಮೇಲೆ ಪಕ್ಕದ ಮನೆಯ ಅವಧೂತ ಗೇಟಿನ ಹತ್ತಿರ ಹರ್ಷದಾಳನ್ನು ತಡೆದ. ಕಣ್ಣು ಕಿರಿದು ಮಾಡಿ, ಮರಾಠಿಯಲ್ಲಿ ಪಿಸುಗುಟ್ಟಿದ. "ನಿಮ್ಮ ಮೇಲಿನ ಮನೆಯವರು ಈಗ ಏನೋ ದೊಡ್ಡ ಚೀಲ ಮೇಲೆ ಒಯ್ದರು. ಏನಿತ್ತು ಅದರಲ್ಲಿ?"

ಹರ್ಷದಾಳ ನಾಲಿಗೆಯ ತುದಿಗೆ ಏನೇನೋ ಬಂತು. ಅವಳು ಒಮ್ಮೆ ಮೇಲೆ ನೋಡಿದಳು. ಕಿಟಕಿ ಮುಚ್ಚಿತ್ತು.

"ಗೊತ್ತಿಲ್ಲ" ಅಂದಳು ಮೆಲ್ಲಗೆ. "ನಾನು ಚೀಲ ಅಷ್ಟೇ ನೋಡಿದ್ದು."