ಎಣಿಕೆಗೆ ಬಾರದ ಸೂಜಿ

ಹೆಸ್ಟರ್ ಪಿಂಚ್‌ಬೆಕ್ ಹ್ಯಾಂಗರಿನ ಬಾಗಿಲಲ್ಲಿ ಬಂದು ನಿಂತಾಗ ಅವಳ ಕಂಕುಳಲ್ಲಿ ಹೊಲಿಗೆ ಡಬ್ಬಿ ಇತ್ತು. ಜನವರಿಯ ಚಳಿಗೆ ಮೂಗಿನ ತುದಿ ಕೆಂಪಾಗಿತ್ತು. ಒಳಗೆ, ವಿಮಾನದ ಇಂಜಿನ್ನಿನೊಳಗೆ ತಲೆ ತೂರಿಸಿಕೊಂಡಿದ್ದ ಗಂಡಸೊಬ್ಬ ತಿರುಗಿಯೂ ನೋಡದೆ ಹೇಳಿದ.

"ಪರದೆ ಅಳತೆಗೆ ತಾನೆ? ಕ್ಯಾಂಟೀನು ಆ ಕಡೆ. ಬಾಗಿಲು ಎಳ್ಕೊಂಡು ಹೋಗಿ, ಥಂಡಿ ಹೊಡೀತಿದೆ."

"ಪರದೆಗಲ್ಲ. ರೆಕ್ಕೆ ಹೊಲಿಯೋಕೆ ಬಂದೆ."

ತಲೆ ಹೊರಗೆ ಬಂತು. ಹಣೆಯ ಮೇಲೆ ಎಣ್ಣೆಯ ಗೆರೆ, ಅದರ ಕೆಳಗೆ ತಬ್ಬಿಬ್ಬಾದ ಎರಡು ಬೂದುಗಣ್ಣು. ಅವು ಮೊದಲು ಡಬ್ಬಿಯನ್ನು ನೋಡಿದವು, ಆಮೇಲೆ ಕೆಂಪು ಮೂಗನ್ನು, ಅಲ್ಲಿಯೇ ಸ್ವಲ್ಪ ಹೊತ್ತು ನಿಂತವು.

"ಮುಂಚೆ ಹೊಲಿದಿದ್ದೀರಾ, ರೆಕ್ಕೆ?"

"ಇಲ್ಲ. ಮದುಮಗಳ ಗೌನು ಹೊಲೀತೀನಿ. ಹದಿನೆಂಟು ವರ್ಷ ಆಯ್ತು."

"ಹಾಗಾದ್ರೆ ಪರವಾಗಿಲ್ಲ ಬಿಡಿ." ಅವನು ವಿಮಾನದ ಮೈ ತಟ್ಟಿದ. " ನಮ್ಮವಳು ಮದುಮಗಳಷ್ಟು ಹಟ ಮಾಡಲ್ಲ."

"ಏ ಡೆನ್ಜಿಲ್, ಬಂದವಳನ್ನ ಬಾಗಿಲಲ್ಲೇ ನಿಲ್ಲಿಸಿ ತಮಾಷೆ ಮಾಡ್ತೀಯಲ್ಲ, ನಿಂಗೆ ಬುದ್ಧಿ ಯಾವಾಗ ಬರತ್ತೋ!" ಹಿಂದಿನಿಂದ ಮೇವಿಸಜ್ಜಿ ಚಹಾದ ಮಗ್ ಹಿಡಿದು ಬಂದಳು. "ನಾನೇ ಕರೆಸಿದ್ದು ಇವಳನ್ನ. ನಿಮ್ಮ ಕೈಗೆ ಹೊಲಿಗೆ ಬಿಟ್ರೆ ಅದು ರೆಕ್ಕೆ ಆಗಲ್ಲ, ಆಲೂಗಡ್ಡೆ ಮೂಟೆ ಆಗತ್ತೆ. ಬಾ ಮಗಾ, ಮೊದಲು ಬಿಸಿಯಾಗಿ ಕುಡಿ."

ಆ ವಿಮಾನ ಅಜ್ಜಿಯದ್ದು. ಯುದ್ಧದ ಕಾಲದಲ್ಲಿ ಹುಡುಗರಿಗೆ ಹಾರುವುದನ್ನು ಕಲಿಸಿದ, ಮೇಲೆರಡು ಕೆಳಗೆರಡು ರೆಕ್ಕೆಯ ಹಳದಿ ಟೈಗರ್ ಮಾತ್. ಅಜ್ಜಿಯ ಗಂಡ ಯಾರದೋ ಕೊಟ್ಟಿಗೆಯಿಂದ ಅದನ್ನು ಕೊಂಡು ತಂದು, ಬಿಚ್ಚಿ, ಜೋಡಿಸುವ ಮೊದಲೇ ತೀರಿಕೊಂಡಿದ್ದ. ಹನ್ನೊಂದು ವರ್ಷಗಳಿಂದ ಏಳೆಂಟು ಮಂದಿ ಶನಿವಾರಗಳಂದು ಬಂದು ಅದನ್ನು ಮತ್ತೆ ಕಟ್ಟುತ್ತಿದ್ದರು. ಇಂಗ್ಲೆಂಡಿನ ಲಿಂಕನ್‌ಶೈರಿನ ಈ ಬಯಲಿನಲ್ಲಿ ಶನಿವಾರ ಮನೆಯಲ್ಲಿ ಕೂರುವ ಗಂಡಸರು ಕಡಿಮೆ. ಕೆಲವರು ಕಾಲ್ಚೆಂಡಿಗೆ ಹೋಗುತ್ತಾರೆ, ಉಳಿದವರು ಹಳೆಯ ವಿಮಾನಗಳಿಗೆ. ಡೆನ್ಜಿಲ್ ಇವರ ಮುಖ್ಯ ಮೆಕ್ಯಾನಿಕ್, ವಾಯುಪಡೆಯಲ್ಲಿದ್ದು ಬಂದವನು. ಜೂನ್ ತಿಂಗಳ ಪ್ರದರ್ಶನದಲ್ಲಿ ಅದನ್ನು ಹಾರಿಸಬೇಕಾದವನೂ ಅವನೇ.

ಮೊದಲ ದಿನವೇ ಅವನು ಗೋಡೆಯ ಹಲಗೆಯನ್ನು ತೋರಿಸಿದ. ಪ್ರತಿ ಸ್ಪ್ಯಾನರಿಗೂ, ಕತ್ತರಿಗೂ, ಹೊಲಿಗೆಯ ನಾಲ್ಕು ಉದ್ದನೆಯ ಸೂಜಿಗಳಿಗೂ ಅಲ್ಲಿ ಕೆಂಪು ಬಣ್ಣದಲ್ಲಿ ನೆರಳು ಬರೆದಿತ್ತು.

"ಸಂಜೆ ಒಂದು ನೆರಳು ಖಾಲಿ ಇದ್ರೂ ಬೀಗ ಹಾಕಲ್ಲ. ಸಿಗೋ ತನಕ ಯಾರೂ ಮನೆಗೆ ಹೋಗಲ್ಲ, ಇವಳೂ ಹಾರಲ್ಲ. ಒಳಗೆ ಬಿದ್ದ ಸಣ್ಣದೊಂದು ಮೊಳೆ ಸಾಕು, ತಂತಿಗೆ ಸಿಕ್ಕಿಕೊಂಡ್ರೆ ರೆಕ್ಕೆ ಮಾತು ಕೇಳಲ್ಲ."

ಹೆಸ್ಟರ್‌ಗೆ ಆ ಹಲಗೆ ಇಷ್ಟವಾಯಿತು. ಒಲೆ ಆರಿಸಿದೆನೇ ಎಂದು ಮೂರು ಸಲ ನೋಡಿ ಬರುವವಳು ಅವಳು. ತನ್ನಂಥವರಿಗಾಗಿಯೇ ಯಾರೋ ಮಾಡಿಟ್ಟ ಗೋಡೆ ಎನಿಸಿತು.

ರೆಕ್ಕೆ ಹೊಲಿಯುವುದು ಒಬ್ಬರ ಕೆಲಸವಲ್ಲ. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡೂ ಬದಿಗೆ ಬಟ್ಟೆ ಎಳೆದು, ಆಚೆ ಒಬ್ಬರು ಈಚೆ ಒಬ್ಬರು ಕೂರಬೇಕು. ಈಚೆಯವರು ಚುಚ್ಚಿದ ಸೂಜಿಯನ್ನು ಆಚೆಯವರು ಎಳೆದು, ಮರದ ಪಟ್ಟಿಗೆ ಸುತ್ತಿ, ಗಂಟು ಹಾಕಿ ಮರಳಿ ಕಳಿಸಬೇಕು. ಮುಖ ಕಾಣುವುದಿಲ್ಲ. ಬಿಳಿ ಬಟ್ಟೆಯಲ್ಲಿ ಇದ್ದಕ್ಕಿದ್ದಂತೆ ಸೂಜಿಯ ಮೊನೆ ಮೂಡುತ್ತದೆ, ಅಷ್ಟೇ.

"ಬಂತಾ?"

"ಬಂತು."

"ಒಂದು ಕೂದಲೆಳೆ ಎಡಕ್ಕೆ ಬಂದಿದೆ ನಿಮ್ಮದು."

"ನಿಮ್ಮ ತಲೆ ವಾಲಿರಬೇಕು ನೋಡ್ಕೊಳ್ಳಿ."

ಆಚೆಯಿಂದ ನಗು ಬಂದರೆ ಬಟ್ಟೆ ಸಣ್ಣಗೆ ಕಂಪಿಸುತ್ತಿತ್ತು. ಅವಳು ಅಂಗೈಯನ್ನು ಅಲ್ಲಿಟ್ಟು, ಯಾರಾದರೂ ನೋಡಿಯಾರೆಂದು ತೆಗೆಯುತ್ತಿದ್ದಳು.

ಎದುರು ನಿಂತು ಎರಡು ಮಾತಾಡದ ಡೆನ್ಜಿಲ್ ಬಟ್ಟೆಯ ಮರೆಯಲ್ಲಿ ಎಷ್ಟೋ ಹೇಳಿದ. ಕಾರ್ನ್‌ವಾಲಿನ ತನ್ನ ಊರು, ಮುರಿದುಹೋದ ಮದುವೆ, ಒಬ್ಬನಿಗಾಗಿ ಬೇಯಿಸಿದರೂ ಇಬ್ಬರಿಗಾಗುವ ಅನ್ನ. ಅವಳೂ ಹೇಳಿದಳು. ನೂರಾರು ಗೌನುಗಳಿಗೆ ಗುಂಡಿ ಹಾಕಿದ್ದು, ತನಗಾಗಿ ಒಂದನ್ನೂ ಕತ್ತರಿಸದೇ ಇದ್ದದ್ದು. ಕೆಲಸ ಮುಗಿದು ಎದ್ದು ನಿಂತಾಗ ಮಾತ್ರ ಇಬ್ಬರೂ ಸುಮ್ಮನಾಗಿ, ತಮ್ಮತಮ್ಮ ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತಿದ್ದರು.

"ಇವರಿಬ್ಬರು ರೆಕ್ಕೆ ಹೊಲೀತಿದ್ದಾರೋ ಬಿಚ್ಚಿ ಬಿಚ್ಚಿ ಹೊಲೀತಿದ್ದಾರೋ," ಎಂದು ಮೇವಿಸಜ್ಜಿ ಯಾರಿಗೆಂದಿಲ್ಲದೆ ಹೇಳಿ ಬಿಸ್ಕತ್ತು ಮುರಿಯುತ್ತಿದ್ದಳು.

ಮಾರ್ಚಿ ಕೊನೆಯಲ್ಲಿ ಹೊಲಿಗೆ ಮುಗಿಯಿತು. ಬಟ್ಟೆಗೆ ಬಿಗಿ ಬರುವ ಲೇಪ ಬಳಿದರು, ಹಳದಿ ಹಚ್ಚಿದರು. ಮೇ ತಿಂಗಳಲ್ಲಿ ಹಳದಿ ಹಕ್ಕಿ ಎರಡು ಸಲ ಮೆಲ್ಲಗೆ ಮೇಲೇರಿ ಇಳಿಯಿತು. ಪ್ರದರ್ಶನದ ದಿನ ಬಂತು.

ಆ ಬೆಳಗ್ಗೆ ಐದಕ್ಕೇ ಬೆಳಕಾಗಿತ್ತು. ಹೆಸ್ಟರ್ ನೀಲಿ ಫ್ರಾಕೊಂದನ್ನು ತೆಗೆದಿಟ್ಟಿದ್ದಳು. ಯಾರಿಗಾಗಿ ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಅದರ ಕುತ್ತಿಗೆಯ ಗುಂಡಿ ಸಡಿಲವಾಗಿತ್ತೆಂದು ಡಬ್ಬಿ ತೆರೆದಳು. ಮುಚ್ಚಳಕ್ಕೆ ಅಂಟಿಸಿದ ಉಣ್ಣೆಬಟ್ಟೆಯಲ್ಲಿ ಅವಳ ಬಾಗಿದ ಸೂಜಿಯ ಜಾಗ ಖಾಲಿ ಇತ್ತು.

ಗೌನಿಗೆ ಆ ಸೂಜಿ ಬೇಡ, ಅದಕ್ಕೇ ಇಷ್ಟು ದಿನ ಅದರ ನೆನಪಾಗಿರಲಿಲ್ಲ. ಅದನ್ನು ಕೊನೆಯ ಸಲ ಹಿಡಿದದ್ದು ಯಾವಾಗ ಎಂದು ನೆನೆಯುತ್ತ ನೆನೆಯುತ್ತ ಅವಳು ಡಬ್ಬಿಯನ್ನು ಮೇಜಿನ ಮೇಲೆ ಬರಿದು ಮಾಡಿದಳು. ಮಾರ್ಚಿಯ ಆ ಕೊನೆಯ ಶನಿವಾರ. ಕೆಳಗಿನ ಎಡರೆಕ್ಕೆಯ ತುದಿ. ಉದ್ದ ಸೂಜಿ ಅಲ್ಲಿ ತಿರುಗುತ್ತಿರಲಿಲ್ಲ, ತನ್ನದನ್ನೇ ತೆಗೆದಿದ್ದಳು. ಆಗ ಆಕಾಶದಲ್ಲಿ ಒಂದು ಗುಡುಗಿನಂಥ ಸದ್ದು. ಆ ಹ್ಯಾಂಗರಿನಲ್ಲಿ ಇಂಜಿನ್ನಿನ ಸದ್ದು ಕೇಳಿದರೆ ಚಹಾ ಕುಡಿಯುತ್ತಿದ್ದವರು ಮಗ್ ಬಿಟ್ಟು, ಏಣಿಯ ಮೇಲಿದ್ದವರು ಏಣಿ ಬಿಟ್ಟು ಹೊರಗೆ ಓಡುತ್ತಾರೆ. "ಲ್ಯಾಂಕಾಸ್ಟರ್!" ಎಂದು ಯುದ್ಧಕಾಲದ ಆ ದೊಡ್ಡ ಬಾಂಬರ್ ವಿಮಾನದ ಹೆಸರನ್ನು ಡೆನ್ಜಿಲ್ ಕೂಗಿದ್ದ. ಎರಡು ತಿಂಗಳ ಹಿಂದೆ ಅಂಥ ಸದ್ದಿಗೆ ತಲೆಯನ್ನೂ ಎತ್ತದಿದ್ದ ಹೆಸ್ಟರ್, ಆ ಸಲ ಬಾಗಿದ ಸೂಜಿಯನ್ನು ರೆಕ್ಕೆಯೊಳಗಿನ ಮರದ ಪಟ್ಟಿಯ ಮೇಲಿಟ್ಟು ಎಲ್ಲರಿಗಿಂತ ಮೊದಲು ಓಡಿದ್ದಳು. ಮರಳಿ ಬಂದು, ನಗುತ್ತಲೇ, ಉಳಿದಿದ್ದ ನೇರ ಸೀಳನ್ನು ಉದ್ದ ಸೂಜಿಯಿಂದ ಮುಚ್ಚಿದ್ದಳು. ಸಂಜೆ ಹಲಗೆಯ ಮೇಲೆ ನೆರಳುಗಳೆಲ್ಲ ತುಂಬಿದ್ದವು. ಅವಳ ಸೂಜಿಗೆ ಅಲ್ಲಿ ನೆರಳೇ ಇರಲಿಲ್ಲ.

ಯಾರಿಗೂ ಗೊತ್ತಿಲ್ಲ. ಎರಡು ಸಲ ಹಾರಿಯೂ ಆಯಿತು, ಏನೂ ಆಗಲಿಲ್ಲ. ಮಧ್ಯಾಹ್ನ ಎರಡಕ್ಕೆ ಅವನು ಮೇಲಿರುತ್ತಾನೆ. ಇವತ್ತು ಸುಮ್ಮನೆ ಮೇಲೇರಿ ಇಳಿಯುವುದಲ್ಲ, ವಾಲುತ್ತ ತಿರುಗಬೇಕು. ಹೇಳಿದರೆ ಹನ್ನೊಂದು ವರ್ಷ ಕಾದವರ ದಿನ ಹಾಳು. ಆಮೇಲೆ ಅವನು ತನ್ನ ಮುಖವನ್ನೂ ನೋಡಲಿಕ್ಕಿಲ್ಲ. ಇದುವರೆಗೆ ಅವಳಿಗೆ ಬೇಕೆನಿಸಿದ್ದು ಕಡಿಮೆ. ಬೇಕೆನಿಸಿದ ಒಂದನ್ನು ತನ್ನ ಕೈಯಾರೆ ಬಿಡಬೇಕಾಗಿತ್ತು. ಗುಂಡಿ ಹಾಕಲಿಲ್ಲ. ಹಳೆಯ ಸ್ವೆಟರನ್ನೇ ತೊಟ್ಟು ಕಾರು ಹತ್ತಿದಳು.

ಆರು ಗಂಟೆಗೆ ಡೆನ್ಜಿಲ್ ಒಬ್ಬನೇ ರೆಕ್ಕೆಯ ಮೇಲಿನ ಇಬ್ಬನಿ ಒರೆಸುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು.

"ಇಷ್ಟು ಬೇಗ! ನಿದ್ದೆ ಬರಲಿಲ್ವಾ ನಿಮಗೂ?"

ಅವಳು ಒಂದೇ ಉಸಿರಿಗೆ ಹೇಳಿದಳು. ಸೂಜಿ, ತುದಿ, ಲ್ಯಾಂಕಾಸ್ಟರ್. ಹೇಳಿ ಮುಗಿಸಿ ಹುಲ್ಲನ್ನು ನೋಡುತ್ತ ನಿಂತಳು.

ಡೆನ್ಜಿಲ್ ಒರೆಸುವ ಬಟ್ಟೆಯನ್ನು ನಾಲ್ಕಾಗಿ ಮಡಚಿದ. ಒಳಗೆ ಹೋಗಿ ಕೆಂಪು ಪಟ್ಟಿಯೊಂದನ್ನು ತಂದು ಪ್ರೊಪೆಲ್ಲರಿಗೆ ಕಟ್ಟಿದ. ಇವಳು ಇವತ್ತು ಹಾರುವುದಿಲ್ಲ ಎಂದರ್ಥ.

"ರೆಕ್ಕೇಲಿ ಎಷ್ಟನೇ ಮರದ ಪಟ್ಟಿ?" ಎಂದಷ್ಟೇ ಕೇಳಿದ.

"ತುದಿಯಿಂದ ಎರಡನೇದು. ಒಳಬದಿ."

ಎಂಟಕ್ಕೆ ಉಳಿದವರು ಬಂದರು. ಒಬ್ಬ ಟೋಪಿಯನ್ನು ನೆಲಕ್ಕೆ ಎಸೆದ. ಇನ್ನೊಬ್ಬ, "ಮನೆ ಸೂಜಿ ಯಾರು ತರಕ್ಕೆ ಹೇಳಿದ್ರು?" ಎಂದು ಅವಳಿಗೆ ಕೇಳುವಂತೆಯೇ ಗೊಣಗಿದ.

ಮೇವಿಸಜ್ಜಿ ಮಡಚುವ ಕುರ್ಚಿಯನ್ನು ರೆಕ್ಕೆಯ ಪಕ್ಕದಲ್ಲೇ ಬಿಡಿಸಿ ಕೂತಳು. "ಸುಮ್ನಿರೋ. ಓಡಿ ಹೋಗಿ ಬಾಯಿ ಬಿಟ್ಕೊಂಡು ಆಕಾಶ ನೋಡೋದನ್ನ ಅವಳಿಗೆ ಕಲಿಸಿದ್ದು ಯಾರು? ನೀವೇ. ಈಗ ಮುಖ ದಪ್ಪ ಮಾಡ್ಕೊಳ್ಳಬೇಡಿ. ಹೋಗಿ ಬೇಕನ್ ರೋಲ್ ತನ್ನಿ, ನಂಗೊಂದು, ಈ ಹುಡುಗೀಗೊಂದು."

ಡೆನ್ಜಿಲ್ ಅಂಗೈಯಗಲ ಹಳದಿ ಬಟ್ಟೆಯನ್ನು ಕತ್ತರಿಸಿದ. ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿ ಒಳಗೆ ಬಿಟ್ಟ. ಮೈದಾನದಲ್ಲಿ ಜನ ತುಂಬಿದರು. ಧ್ವನಿವರ್ಧಕ, ತಮ್ಮ ಟೈಗರ್ ಮಾತ್ ಇಂದು ನೆಲದಲ್ಲೇ ಉಳಿಯುವುದೆಂದು ವಿಷಾದದಿಂದ ಸಾರಿತು. ಪುಸ್ತಕದಲ್ಲಿ ವಿಮಾನಗಳ ನಂಬರು ಬರೆದುಕೊಳ್ಳುವ ಮುದುಕರು ಬೇಲಿಯಾಚೆ ಪೆನ್ನಿನಿಂದ ಒಂದು ಗೆರೆ ಎಳೆದರು. ಹೆಸ್ಟರ್ ಟಾರ್ಚ್ ಹಿಡಿದು ಮಂಡಿಯೂರಿದ್ದಳು.

ಎರಡೂವರೆಗೆ ಟಕ್ ಎಂಬ ಸಣ್ಣ ಸದ್ದು.

ಬಾಗಿದ ಸೂಜಿ ಕೋಲಿಗೆ ಅಂಟಿಕೊಂಡು ಹೊರಬಂತು. ಒಳಗೆ ಅದು ಬಿದ್ದಿದ್ದದ್ದು ವಿಮಾನವನ್ನು ವಾಲಿಸುವ ತಂತಿಯ ರಾಟೆಯಿಂದ ಎರಡೇ ಬೆರಳು ದೂರದಲ್ಲಿ.

ಹೆಸ್ಟರ್ ಎದ್ದು ಡಬ್ಬಿಯನ್ನು ಎತ್ತಿಕೊಂಡಳು.

"ಎಲ್ಲಿಗೆ?"

"ಮನೆಗೆ. ಇನ್ನು ನಾನು ಬರದೇ ಇದ್ರೆ ಎಲ್ಲರಿಗೂ ಒಳ್ಳೇದು."

"ಯಾರು ಹೇಳಿದ್ದು?" ಅವನು ಎದ್ದು ಅವಳ ದಾರಿಗೆ ಅಡ್ಡ ನಿಂತ. ಅವರ ನಡುವೆ ಬಟ್ಟೆ ಇರಲಿಲ್ಲ. ಅವನ ಕಿವಿಗಳು ಕೆಂಪಾಗುವುದನ್ನು ಅವಳು ಮೊದಲ ಸಲ ನೋಡಿದಳು. "ಕೂತ್ಕೊಳ್ಳಿ. ನಾನೂ ಒಂದು ತಪ್ಪು ಹೇಳಬೇಕು. ಆ ನಾಲ್ಕು ರೆಕ್ಕೆ ಐದು ಶನಿವಾರದ ಕೆಲಸ. ನಾನು ಒಂಬತ್ತು ಮಾಡಿದೆ."

"ಅಂದ್ರೆ?"

"ನೂಲಿಗೆ ಮೇಣ ಸಾಲದು ಅಂತ ಒಂದಿನ. ಮರದ ಪಟ್ಟಿಯ ಬಣ್ಣ ಒಣಗಿಲ್ಲ ಅಂತ ಇನ್ನೊಂದಿನ. ಎಲ್ಲ ಸರಿಯಾಗೇ ಇತ್ತು. ಹೊಲಿಗೆ ಮುಗಿದ್ರೆ ನೀವು ಬರಲ್ವಲ್ಲ ಅಂತ." ಅವನು ಕತ್ತು ಉಜ್ಜಿಕೊಂಡ. "ಫೆಬ್ರವರೀಲೇ ಮುಗಿಸಿದ್ರೆ ಮಾರ್ಚಿಯ ಆ ಶನಿವಾರವೇ ಇರ್ತಿರಲಿಲ್ಲ. ಸೂಜಿ ನಿಮ್ಮದು, ದಿನ ನಂದು. ಅವರಿಗೆ ಬೈಬೇಕು ಅಂದ್ರೆ ಇಬ್ಬರಿಗೂ ಬೈಲಿ."

ಹೆಸ್ಟರ್ ಡಬ್ಬಿಯನ್ನು ಎದೆಗವಚಿಕೊಂಡಿದ್ದಳು. "ನಾನು ಬೆಳಗ್ಗೆ ಹೇಳದೇ ಇದ್ದಿದ್ರೆ?"

"ನಾನು ಖುಷಿಯಾಗಿ ಹತ್ತಿರ್ತಿದ್ದೆ. ಮೇಲೆ ನನ್ನ ಕೈಲಿ ಏನಾಗ್ತಿತ್ತೋ ಗೊತ್ತಿಲ್ಲ." ಅವನು ಅಯಸ್ಕಾಂತದ ಕೋಲನ್ನು ಕೆಳಗಿಟ್ಟ. "ನಾನು ಹಾರೋದು ತಪ್ಪಿದ್ದಕ್ಕೆ ಬೇಜಾರಿದೆ ಹೆಸ್ಟರ್, ಸುಳ್ಳು ಹೇಳಲ್ಲ. ಆದ್ರೆ ನೀನು ಇಬ್ಬನೀಲಿ ನಿಂತು ಹೇಳ್ತಿದ್ದಾಗ ನಂಗೆ ಅನ್ನಿಸ್ತು, ಇವಳ ಜೊತೆ ಇದ್ರೆ ನಾನು ಇನ್ನು ಯಾವುದನ್ನೂ ಎರಡನೇ ಸಲ ಪರೀಕ್ಷೆ ಮಾಡಬೇಕಾಗಿಲ್ಲ ಅಂತ. ನಂಗೆ ನೀನು ಬೇಕು. ಶನಿವಾರಕ್ಕಲ್ಲ."

ಹೆಸ್ಟರ್ ಡಬ್ಬಿಯನ್ನು ಹುಲ್ಲಿನ ಮೇಲಿಟ್ಟಳು. ಬಣ್ಣ ಕೂತ ಅವನ ಉಗುರುಗಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಒಂದೊಂದನ್ನೇ ನೋಡುವವಳಂತೆ ತಲೆ ತಗ್ಗಿಸಿದಳು.

"ಶನಿವಾರ ಅಲ್ಲದಿದ್ರೆ ಮತ್ತೆ ಯಾವಾಗ?"

"ನಾಳೆ. ಭಾನುವಾರ. ಒಂದೂ ವಿಮಾನ ಇಲ್ಲದ ಕಡೆ ಹೋಗೋಣ. ಸಮುದ್ರದ ದಂಡೆಗೆ, ಮೀನು ತಿನ್ನೋಕೆ."

"ಅಲ್ಲಿ ಏನ್ ಮಾತಾಡ್ತೀರಿ ನೀವು, ವಿಮಾನ ಇಲ್ಲದೆ?"

"ಅದೇ ಹೆದರಿಕೆ ನಂಗೂ."

ಹೆಸ್ಟರ್ ನಕ್ಕಳು, ಗಟ್ಟಿಯಾಗಿ, ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಜ್ಜಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿಕೊಳ್ಳುವಷ್ಟು.

"ಹೆದರಬೇಡ," ಎಂದಳು. "ಒಂಬತ್ತಕ್ಕೆ ಬಾ. ತಡ ಮಾಡಿದ್ರೆ ನಾನು ಹತ್ತು ಸಲ ಕಿಟಕೀಲಿ ಇಣುಕಿ ನೋಡಿರ್ತೀನಿ."